ದೇವರ ಕಾನಿನಲ್ಲಿ ಪ್ರವಾಸಿ

ನಮ್ಮ ಪ್ರವಾಸ ಸಾಹಿತ್ಯದಲ್ಲಿ ‘ಪ್ರಶಾಂತ’ ಎಂಬ ಶಬ್ದ ಬಹಳ ಅಗ್ಗವಾಗಿದೆ. ಜಪಾನಿನ ಷಿಂಟೋ ದೇಗುಲವನ್ನು ಕಂಡು ಬಂದವರು ಸಾಮಾನ್ಯವಾಗಿ ಬರೆಯುವುದಿಷ್ಟೆ: ಎರಡು ಕಂಬಗಳ ಮೇಲೆ ಅಡ್ಡತೊಲೆಯಿಟ್ಟ ‘ತೋರಿ’ ಎಂಬ ದ್ವಾರ, ಕೈಬಾಯಿ ತೊಳೆಯುವ ನೀರಿನ ತೊಟ್ಟಿ, ಹಿರಿಯ ಮರಗಳ ನೆರಳು, ಕೊನೆಗೆ ತಮ್ಮ ಮನಸ್ಸಿಗೊದಗಿದ ಶಾಂತಿ. ಆ ಶಾಂತಿಯನ್ನು ಕಾಯ್ದುಕೊಂಡು ಬಂದವರು ಯಾರು ಎಂದು ಕೇಳುವ ಲೇಖಕರು ವಿರಳ. ವಾಚಕ ಮಹಾಶಯರೇ, ಈ ಪ್ರಶ್ನೆಯನ್ನು ಕೇಳಲು ಜಪಾನಿನವರೆಗೆ ಹೋಗಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಗೆ ಹೋದರೆ ಸಾಕು.

ಅಲ್ಲಿಯ ಜನ ದಟ್ಟವಾದ ನಿತ್ಯಹರಿದ್ವರ್ಣದ ಅಡವಿಯನ್ನು ‘ಕಾನು’ ಎನ್ನುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಆ ಹೆಸರು ಸುಮ್ಮನೆ ಬಂದುದಲ್ಲ. ಅಲ್ಲಿಯ ರಾಮಪತ್ರೆಯ ಜಡ್ಡಿಗಳಲ್ಲಿ ಮರಗಳ ಬೇರುಗಳು ಕೆಸರಿನಿಂದ ಮೊಣಕಾಲುಗಳಂತೆ ಮೇಲೆದ್ದು ನಿಂತಿರುತ್ತವೆ. ಸೀಮೆಯ ಎಷ್ಟೋ ಕಾನುಗಳಲ್ಲಿ ಚೌಡಿ, ಜಟಕ, ಹುಲಿದೇವರು ಮೊದಲಾದ ದೇವತೆಗಳ ನೆಲೆಗಳಿವೆ. ದೇವತೆಯೆಂದರೆ ಮರದ ಬುಡದಲ್ಲಿ ಒಂದು ಕಲ್ಲು, ಅಷ್ಟೆ, ಕಾಡೇ ಗುಡಿ.

1801ರಲ್ಲಿ ಉತ್ತರ ಕನ್ನಡವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ಗಮನಿಸಿದನು. ಅಡವಿ ಊರದೇವರ ಸೊತ್ತು; ಮರ ಕಡಿಯುವವನು ಗೌಡನ ಅಪ್ಪಣೆ ಬೇಡಬೇಕು; ಗೌಡನೇ ಪೂಜಾರಿ; ಅಪ್ಪಣೆಗಾಗಿ ದೇವರಿಗೆ ಏನೂ ಸಲ್ಲುವುದಿಲ್ಲ. ಇಷ್ಟನ್ನೂ ಕಿವಿಗೊಟ್ಟು ಕೇಳಿ ಬರೆದುಕೊಂಡ ಆತ, ಸರಕಾರ ತನ್ನ ಒಡೆತನ ಸ್ಥಾಪಿಸದಂತೆ ಹೂಡಿದ ಉಪಾಯವಿದು ಎಂದು ತೀರ್ಮಾನಿಸಿದನು! ಉಪಾಯವೇ ಇರಲಿ. ಒಂದು ಕಾಸೂ ದೊರೆಯದ ಈ ಉಪಾಯದಿಂದ ಲಾಭ ಪಡೆದವನು ಯಾರು? ಹೊಳೆಗೆ ನೀರು ಉಳಿಯಿತು, ಕೊಡಲಿ ಎತ್ತುವ ಮುನ್ನ ಒಮ್ಮೆ ನಿಂತು ಕೇಳುವ ಅಭ್ಯಾಸ ಉಳಿಯಿತು. ಕಂಪನಿಯ ನೌಕರನ ಲೆಕ್ಕದಲ್ಲಿ ಇವು ಜಮೆಯಾಗತಕ್ಕವಲ್ಲ.

ಜಪಾನಿನಲ್ಲಿಯೂ ಸರಕಾರ 1906ರಿಂದ ಸಣ್ಣ ದೇಗುಲಗಳನ್ನು ದೊಡ್ಡವುಗಳಲ್ಲಿ ವಿಲೀನಗೊಳಿಸತೊಡಗಿತು. ಸುಮಾರು 70,000 ದೇಗುಲಗಳು ಇಲ್ಲವಾದವು. ಅವುಗಳೊಡನೆ ಎಷ್ಟೋ ತೋಪುಗಳು ಕೊಡಲಿಗೆ ಬಿದ್ದವು. ಇದನ್ನು ಪ್ರತಿಭಟಿಸಿದ ಪ್ರಕೃತಿವಿಜ್ಞಾನಿ ಮಿನಾಕತ ಕುಮಗುಸು 1910ರಲ್ಲಿ ಸೆರೆಮನೆಯನ್ನೂ ಕಂಡನು. ಇಂದು ಪ್ರವಾಸಿ ಮೆಚ್ಚುವ ನೆರಳಿನ ಹಿಂದೆ ಇಂತಹ ಜಗಳಗಳಿವೆ.

ಇಲ್ಲಿ ನಮಗೊಂದು ತೊಡಕಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಕಲ್ಲು-ಮರಗಳಿಗೆ ಅಡ್ಡಬೀಳುವುದನ್ನು ನಮ್ಮ ಶರಣರು ಒಪ್ಪಲಿಲ್ಲ. ದೇಹವನ್ನೇ ದೇಗುಲವೆಂದು ಬಗೆದ ಇಷ್ಟಲಿಂಗಧಾರಿಗೆ ಚೌಡಿಯ ಬನದಲ್ಲಿ ಏನು ಕೆಲಸ? ಪೂಜೆಯ ಕೆಲಸವಿಲ್ಲ, ನಿಜ. ಆದರೆ ಬನದ ನಿಯಮದಲ್ಲಿ ಪೂಜೆಗಿಂತ ಸಂಯಮವೇ ಹಿರಿದಾಗಿದೆ: ಇಲ್ಲಿಂದಾಚೆಗೆ ನನ್ನ ಕೈ ಚಾಚದು ಎಂಬ ಸಂಯಮ. ಶರಣರ ಟೀಕೆ ಇದನ್ನು ಮುಟ್ಟುವುದಿಲ್ಲವೆಂದು ನನ್ನ ಅಭಿಪ್ರಾಯ. ಅದು ಮುಟ್ಟುವುದು ಇಂದಿನ ಜೀರ್ಣೋದ್ಧಾರವನ್ನು. ಭಕ್ತಿ ಹೆಚ್ಚಿತೆಂದು ಮರಗಳನ್ನುರುಳಿಸಿ, ಕಲ್ಲಿನ ಮೇಲೆ ಕಾಂಕ್ರೀಟಿನ ಮಾಡು ಹೊದಿಸಿ, ನೆಲಕ್ಕೆ ಹೊಳಪಿನ ಹಾಸು ಹಾಕುತ್ತಾರೆ. ದೇವತೆಗೆ ಮನೆಯಾಯಿತು, ಕಾನು ಹೋಯಿತು. ಸ್ಥಾವರಕ್ಕೆ ಅಳಿವುಂಟೆಂದು ಬಲ್ಲ ನಾವೂ ಇಂಥ ಕಟ್ಟಡಗಳಿಗೆ ಚಂದಾ ಕೊಟ್ಟು ರಸೀದಿ ಪಡೆಯುತ್ತೇವೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಬಳಿ ಹಳ್ಳಿಯ ಜನ ಕೊಡಲಿಗಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿಯ ಆರಂಭ. ಚೌಡಿಯ ಕೋಪಕ್ಕೆ ಅಂಜಿ ಅಪ್ಪಿದವರಲ್ಲ ಅವರು; ಕಾಡು ಹೋದರೆ ತಮ್ಮ ಹಳ್ಳದ ನೀರೂ ಹೋಗುವುದೆಂದು ಬಲ್ಲವರು. ‘ಪ್ರಶಾಂತ ತಾಣ’ಗಳ ಬಗೆಗೆ ಬರೆಯುವವರು ಮುಂದಿನ ಸಲ ಆ ಸೀಮೆಗೆ ಹೋದಾಗ ಭಾವಚಿತ್ರ ತೆಗೆಯುವ ಮೊದಲು ಊರ ಹಿರಿಯರ ಜಗುಲಿಯಲ್ಲಿ ಅರ್ಧ ಗಳಿಗೆ ಕುಳಿತು, ಇಲ್ಲಿ ಮರ ಕಡಿಯಲು ಯಾರ ಅಪ್ಪಣೆ ಬೇಡಬೇಕಾಗಿತ್ತು, ಈಗ ಯಾರದು ಎಂದು ವಿಚಾರಿಸಲಿ.