ತೆರಿಗೆದಾರನ ನಿವೇದನೆ ಮತ್ತು ಕ್ಷಮಾ ಯೋಜನೆಗಳು: ಒಂದು ವಿಮರ್ಶೆ

ವರ್ತಕನ ಲೆಕ್ಕದ ಪುಸ್ತಕಕ್ಕೆ ಮೊದಲ ಪರೀಕ್ಷಕನು ಆ ವರ್ತಕನೇ. 1961ರ ಆದಾಯ ತೆರಿಗೆ ಕಾಯಿದೆಯ 139(1)ನೆಯ ಕಲಮು ಈ ನಂಬಿಕೆಯ ಮೇಲೆಯೇ ರಚಿತವಾದುದು. ಆದಾಯವು ತೆರಿಗೆರಹಿತ ಮಿತಿಯನ್ನು ಮೀರಿದೊಡನೆ, ಅಧಿಕಾರಿಯ ನೋಟೀಸಿಗಾಗಿ ಕಾಯದೆ, ಗೊತ್ತಾದ ದಿನಾಂಕದೊಳಗೆ ತೆರಿಗೆದಾರನು ತಾನಾಗಿ ನಿವೇದಿಸಿಕೊಳ್ಳಬೇಕು. 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆಂದು ರಚಿತವಾದ 2025ರ ಕಾಯಿದೆಯೂ ಈ ಹೊಣೆಯನ್ನು ಸಡಿಲಿಸಿಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ನಿವೇದಿಸದೆ ಸುಮ್ಮನಿರುವುದು ಕನ್ನ ಹಾಕಿದಂತಲ್ಲ, ನಿಜ; ಆದರೆ ರಾಜ್ಯಕ್ಕೆ ಸಲ್ಲತಕ್ಕುದನ್ನು ತನ್ನಲ್ಲೇ ಉಳಿಸಿಕೊಳ್ಳುವ ಮೌನ ನಿರ್ದೋಷವೆನಿಸದು.

ಈ ಹೊಣೆಯನ್ನು ಹೊರಿಸಿದ ಸರ್ಕಾರವೇ ಅದನ್ನು ಹಗುರಗೊಳಿಸಿದ್ದಕ್ಕೆ 1997ರ ಆದಾಯ ಸ್ವಯಂ ಘೋಷಣಾ ಯೋಜನೆಯು ನಿದರ್ಶನ. ಆ ವರ್ಷದ ಜುಲೈ 1ರಿಂದ ಡಿಸೆಂಬರ್ 31ರವರೆಗೆ, ಬಚ್ಚಿಟ್ಟ ಆದಾಯವನ್ನು ಘೋಷಿಸಿದ ವ್ಯಕ್ತಿಗೆ ಶೇ. 30, ಕಂಪನಿಗೆ ಶೇ. 35 ತೆರಿಗೆ, ಬಡ್ಡಿಯಿಲ್ಲ, ದಂಡವೂ ಇಲ್ಲ. ಸುಮಾರು 33,000 ಕೋಟಿ ರೂಪಾಯಿ ಘೋಷಿತವಾಗಿ ಬೊಕ್ಕಸಕ್ಕೆ ಸುಮಾರು 10,000 ಕೋಟಿ ಸಂದಿತು. ಮೊತ್ತವೇನೋ ದೊಡ್ಡದು. ಆದರೆ 1987ರ ಸುಮಾರಿಗೆ ಮೇಲ್ಮಟ್ಟದ ದರ ಶೇ. 50 ಇದ್ದಿತು. ಆ ಮಟ್ಟದ ಲಕ್ಷ ರೂಪಾಯಿಗೆ ಅಂದೇ 50,000 ತೆತ್ತವನಿಗಿಂತ, ಹತ್ತು ವರ್ಷ ಬಚ್ಚಿಟ್ಟು 30,000 ತೆತ್ತವನು ಲಾಭವಂತನಾದ. ಹಳೆಯ ಗಳಿಕೆಯ ಒಡವೆಗೆ 1987ರ ಏಪ್ರಿಲ್ 1ರ ಬೆಲೆ ಕಟ್ಟುವ ಅವಕಾಶವಂತೂ ಈ ಅನ್ಯಾಯವನ್ನು ಇಮ್ಮಡಿಸಿತು.

ದಾರಿ ತಪ್ಪಿದವನಿಗೆ ಮರಳಲು ಬಾಗಿಲು ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಆ ಬಾಗಿಲು ನೆಟ್ಟನೆಯ ದಾರಿಗಿಂತ ಅಗ್ಗವಾಗಬಾರದು. 2016ರ ಘೋಷಣಾ ಯೋಜನೆಯು ಶೇ. 45 ವಿಧಿಸಿ ಈ ದೋಷವನ್ನು ಕೆಲಮಟ್ಟಿಗೆ ತಿದ್ದಿತು. 2022ರಲ್ಲಿ ಬಂದ ಪರಿಷ್ಕೃತ ನಿವೇದನೆಯ ಏರ್ಪಾಡು ಇನ್ನೂ ಮೇಲು. ಬಿಟ್ಟುಹೋದ ಆದಾಯವನ್ನು ತಾನಾಗಿ ತಿಳಿಸುವವನು ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25, ಎರಡನೆಯ ವರ್ಷ ಶೇ. 50 ಹೆಚ್ಚುವರಿ ತೆರಬೇಕಾಯಿತು. 2025ರ ತಿದ್ದುಪಡಿಯು ಮೂರನೆಯ ವರ್ಷಕ್ಕೆ ಶೇ. 60, ನಾಲ್ಕನೆಯದಕ್ಕೆ ಶೇ. 70 ಎಂದು ಗೊತ್ತುಮಾಡಿತು. ತಡಮಾಡಿದಷ್ಟೂ ಭಾರ ಹೆಚ್ಚು. ಪ್ರಾಯಶ್ಚಿತ್ತಕ್ಕೆ ಇರಬೇಕಾದ ಕ್ರಮವೇ ಇದು.

ಈ ವಿಚಾರ ಅಂಗಡಿಗಷ್ಟೇ ಸೀಮಿತವಲ್ಲ. ವಿನಾಯಿತಿ ಪಡೆದ ಧರ್ಮಾದಾಯ ಟ್ರಸ್ಟಿನ ಆದಾಯವೂ, ವಿನಾಯಿತಿಯನ್ನು ಕಳೆಯುವ ಮೊದಲು ಮಿತಿ ಮೀರಿದರೆ, ವಿವರ ಸಲ್ಲಿಸತಕ್ಕದ್ದು. ತೆರಿಗೆ ಇಲ್ಲವೆಂದ ಮಾತ್ರಕ್ಕೆ ತಿಳಿಸುವ ಹೊಣೆ ಇಲ್ಲವೆಂದಾಗದು. ಮುಂದಿನ ಕ್ಷಮಾ ಯೋಜನೆಯ ನಿರೀಕ್ಷೆಯಲ್ಲಿ ಲೆಕ್ಕವನ್ನು ಮಡಿಸಿಡುವವರು ಎಷ್ಟು ಹಣ ಉಳಿಯಿತೆಂದು ಎಣಿಸುವ ಮುನ್ನ, ಅದೇ ಬೀದಿಯಲ್ಲಿ ಕಾಲಕ್ಕೆ ಸರಿಯಾಗಿ ತೆತ್ತ ನೆರೆಯವನ ಮುಖವನ್ನು ನೆನೆಯುವುದೊಳಿತು.