ರಕ್ತ ಪರೀಕ್ಷೆ ಹೇಳುವ ‘ಇಲ್ಲ’

ಏಳೆಂಟು ತಿಂಗಳ ಬಸುರಿಗೆ ಬಿಪಿ 140/90 ದಾಟಿತು, ಮುಖ ಊದಿತು ಎಂದರೆ ದೊಡ್ಡಆಲಹಳ್ಳಿಯಂಥ ಊರಿನಲ್ಲಿ ಬರುವ ಮಾತು ಒಂದೇ: ‘ಮೊದ್ಲು ಕನಕಪುರಕ್ಕೆ ಕರ್ಕೊಂಡೋಗಿ.’ ಅಲ್ಲಿಯೂ ಅನುಮಾನ ಬಗೆಹರಿಯದಿದ್ದರೆ ಬೆಂಗಳೂರಿನ ವಾಣಿವಿಲಾಸ. ಸಂಗಮದ ರಸ್ತೆಯ ಈ ಊರಿನವರಿಗೆ ಆ ಓಡಾಟವೆಂದರೆ ತಪ್ಪಿದ ಕೂಲಿ, ಬಾಡಿಗೆ ಗಾಡಿ, ಮನೆಯಲ್ಲಿ ಬಿಟ್ಟುಬಂದ ಮೊದಲ ಮಗುವಿನ ಚಿಂತೆ. ಹೋಗಲೇಬೇಕೇ, ಕಾಯಬಹುದೇ ಎಂಬುದಕ್ಕೆ ಉತ್ತರ ಹೇಳುವ ರಕ್ತ ಪರೀಕ್ಷೆಯೊಂದು ಈಗ ಇದೆ. ಅದನ್ನು ಎಷ್ಟು ನಂಬಬೇಕು?

ಪರೀಕ್ಷೆಯ ಹಿಂದಿನ ವಿಜ್ಞಾನ ಗಟ್ಟಿಯಾದದ್ದು. ರಕ್ತನಾಳಗಳು ಬೆಳೆಯಲು, ಸಡಿಲವಾಗಿರಲು ವಿಇಜಿಎಫ್ ಎಂಬ ಪ್ರೋಟೀನ್ ಬೇಕು. ಅದರ ಸೋದರ ಪಿಎಲ್‌ಜಿಎಫ್ ಅನ್ನು ಗರ್ಭದ ಮಾಸು ಹೇರಳವಾಗಿ ತಯಾರಿಸುತ್ತದೆ. ಮಾಸು ಸರಿಯಾಗಿ ಬೇರೂರದೆ ರಕ್ತದ ಕೊರತೆ ಅನುಭವಿಸಿದಾಗ ಎಸ್‌ಎಫ್‌ಎಲ್‌ಟಿ–1 ಎಂಬ ಇನ್ನೊಂದು ಪ್ರೋಟೀನ್ ತಾಯಿಯ ರಕ್ತಕ್ಕೆ ವಿಪರೀತ ಸುರಿಯುತ್ತದೆ. ಅದು ಇವೆರಡನ್ನೂ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ನಾಳಗಳು ಬಿಗಿದು ಬಿಪಿ ಏರುತ್ತದೆ, ಮೂತ್ರಪಿಂಡದ ಸೋಸುಪದರ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಈ ಕಾಯಿಲೆಯೇ ಪ್ರಿಎಕ್ಲಾಂಪ್ಸಿಯ. 2003ರಲ್ಲಿ ಅನಂತ್ ಕರುಮಂಚಿ ಮತ್ತು ಸಂಗಡಿಗರು ಬಸುರಿ ಇಲಿಗಳಿಗೆ ಎಸ್‌ಎಫ್‌ಎಲ್‌ಟಿ–1 ಹೆಚ್ಚಿಸಿದಾಗ ಇದೇ ಲಕ್ಷಣಗಳು ಕಂಡವು. ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಎಂಬ ಕ್ಯಾನ್ಸರ್ ಔಷಧಿಯೂ ಬಿಪಿ ಏರಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ತರುತ್ತದೆ. ಬೇರೆ ದಾರಿಯಿಂದ ಬಂದ ಸಾಕ್ಷಿಯೂ ಅದೇ ಮಾತು ಹೇಳುತ್ತಿದೆ.

ಪರೀಕ್ಷೆಯ ಕಥೆ ಇಷ್ಟು ನೇರವಲ್ಲ. 2016ರಲ್ಲಿ ಪ್ರಕಟವಾದ ‘ಪ್ರೊಗ್ನೋಸಿಸ್’ ಅಧ್ಯಯನದಲ್ಲಿ ಎಸ್‌ಎಫ್‌ಎಲ್‌ಟಿ–1, ಪಿಎಲ್‌ಜಿಎಫ್ ಪ್ರೋಟೀನ್‌ಗಳ ಅನುಪಾತ 38 ಅಥವಾ ಕಡಿಮೆ ಇದ್ದವರಲ್ಲಿ ಶೇ 99ಕ್ಕೂ ಹೆಚ್ಚು ಮಂದಿಗೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯ ಬರಲಿಲ್ಲ. 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಬಂದದ್ದು ಸುಮಾರು ಶೇ 37 ಮಂದಿಗೆ ಮಾತ್ರ. ‘ಇಲ್ಲ’ ಎಂದರೆ ನಂಬಬಹುದು. ‘ಹೌದು’ ಎಂದರೆ ಎಚ್ಚರದಿಂದಿರಬೇಕು, ಅಷ್ಟೇ. ಆ ‘ಹೌದು’ ಒಂದನ್ನೇ ಹಿಡಿದು ದಿನ ತುಂಬದ ಮಗುವನ್ನು ಸಿಸೇರಿಯನ್ ಮಾಡಿ ತೆಗೆಯುವುದು ವಿಜ್ಞಾನವಲ್ಲ, ಗಾಬರಿ. ಬ್ರಿಟನ್ನಿನ 2019ರ ‘ಪ್ಯಾರಟ್’ ಪ್ರಯೋಗದಲ್ಲಿ ಪಿಎಲ್‌ಜಿಎಫ್ ಫಲಿತಾಂಶ ವೈದ್ಯರ ಕೈಗೆ ಸಿಕ್ಕಾಗ ರೋಗ ಪತ್ತೆಯ ಅವಧಿ 4.1 ದಿನದಿಂದ 1.9ಕ್ಕೆ ಇಳಿಯಿತು, ತಾಯಂದಿರ ತೀವ್ರ ತೊಂದರೆಗಳೂ ತಗ್ಗಿದವು. ಮಕ್ಕಳ ಪಾಲಿಗೆ ಮಾತ್ರ ಅಂಥ ಲಾಭ ಕಾಣಲಿಲ್ಲ.

ನಮ್ಮ ರಾಜ್ಯದ ಅನುಭವವನ್ನೂ ಇದರ ಪಕ್ಕದಲ್ಲಿಡಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ‘ಕ್ಲಿಪ್’ ಪ್ರಯೋಗದಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೆ, ಎಎನ್‌ಎಂಗಳಿಗೆ ಮೊಬೈಲ್ ಆ್ಯಪ್ ಕೊಟ್ಟರು. ಅವರು ಮನೆಬಾಗಿಲಲ್ಲೇ ಬಿಪಿ ನೋಡಿ, ಅಪಾಯ ಅಳೆದು, ಅಗತ್ಯವಿದ್ದರೆ ಬಿಪಿ ಮಾತ್ರೆ, ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು ಆಸ್ಪತ್ರೆಗೆ ಕಳಿಸಬೇಕಿತ್ತು. ಸಾವುನೋವು ಒಟ್ಟಾರೆ ಗಣನೀಯವಾಗಿ ಇಳಿಯಲಿಲ್ಲ. ಪಾಕಿಸ್ತಾನ, ಮೊಜಾಂಬಿಕ್‌ನ ಪ್ರಯೋಗಗಳನ್ನೂ ಸೇರಿಸಿ ನೋಡಿದಾಗ, ಎಂಟು ಬಾರಿಯಾದರೂ ಭೇಟಿ ಸಿಕ್ಕ ಬಸುರಿಯರಲ್ಲಿ ಫಲ ಮೇಲಾಗಿತ್ತು. ಸಾಧನ ಕೊಟ್ಟರೆ ಸಾಲದು, ಅದನ್ನು ಹಿಡಿದವಳು ಮತ್ತೆ ಮತ್ತೆ ಬರಬೇಕು.

ಹಾಗಾದರೆ ಪರೀಕ್ಷೆ ಬೇಡವೇ? ಬೇಕು, ಆದರೆ ಜಾಗ ನೋಡಿ ಬೇಕು. ಬಿಪಿ ಸರಿಯಿರುವ ಎಲ್ಲ ಬಸುರಿಯರಿಗೂ ನಗರದ ಲ್ಯಾಬ್ ಪ್ಯಾಕೇಜ್‌ನಲ್ಲಿ ಸೇರಿಸಿ ಮಾರಿದರೆ ದುಡ್ಡು ದಂಡ. ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ಇರುವವಳು ನಾಳೆ ಮತ್ತೆ ತೋರಿಸಿಕೊಳ್ಳಬಹುದು. ದೊಡ್ಡಆಲಹಳ್ಳಿಯವಳಿಗೆ ಆ ಅನುಕೂಲವಿಲ್ಲ. ಒಂದು ವಾರದ ಭರವಸೆಯ ‘ಇಲ್ಲ’ಕ್ಕೆ ಹೆಚ್ಚು ಬೆಲೆಯಿರುವುದು ದಾರಿ ದೂರವಿರುವಲ್ಲಿ. ಅದಕ್ಕೇ ಅದು ಕನಕಪುರದಂಥ ತಾಲ್ಲೂಕು ಆಸ್ಪತ್ರೆಯಲ್ಲಿ, ಅನುಮಾನ ಬಂದವರಿಗಷ್ಟೇ, ಸರ್ಕಾರಿ ಖರ್ಚಿನಲ್ಲಿ ಸಿಗಬೇಕು. ಕಾಯಿಲೆಗೆ ಮದ್ದು ಇವತ್ತಿಗೂ ಹೆರಿಗೆಯೇ; ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಅಗ್ಗದ್ದು, ಹಳೆಯದು. ತಾಯಿ ಕಾರ್ಡ್‌ನಲ್ಲಿ ಬಿಪಿಯ ಕಾಲಂ ಖಾಲಿ ಬಿಟ್ಟು ಅನುಪಾತದ ಬಗ್ಗೆ ಮಾತಾಡುವ ವ್ಯವಸ್ಥೆಗೆ ಈ ಪರೀಕ್ಷೆ ಕೇಳುವ ಅರ್ಹತೆ ಇನ್ನೂ ಬಂದಿಲ್ಲ.