ಕೊಳವೆಯೊಳಗೆ ಯಾರ ದನಿ?

ಟೆರಿಯರ್ ಎಂದರೆ ಎಂಥ ನಾಯಿ ಎಂದು ನಮ್ಮ ತಲೆಮಾರಿಗೆ ಕಲಿಸಿದ್ದು ಎಚ್‌.ಎಂ.ವಿ. (ಹಿಸ್ ಮಾಸ್ಟರ್ಸ್ ವಾಯ್ಸ್) ಗ್ರಾಮಫೋನ್ ಪ್ಲೇಟು. ಹಿತ್ತಾಳೆ ಕೊಳವೆಯ ಮುಂದೆ ಕತ್ತು ಓರೆ ಮಾಡಿ ಕೂತ ಆ ನಾಯಿ ನೂರು ವರ್ಷದಿಂದ ವಿಧೇಯತೆಗೆ ಹೆಸರಾಗಿದೆ. ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಗೆ ಜ್ಯಾಕ್ ರಸೆಲ್ ಟೆರಿಯರ್ ಮರಿ ತರುವಾಗ ನನ್ನ ಕಣ್ಣಲ್ಲಿದ್ದದ್ದೂ ಅದೇ. 'ಚಿಕ್ಕ ನಾಯಿ ಸಾರ್, ಒಂದು ಮೂಲೇಲಿ ಬಿದ್ದಿರತ್ತೆ' ಎಂದಿದ್ದ ಮಾರಿದವನು. ಪ್ಲೇಟಿನ ಮೇಲಿನ ಆ ಚಿತ್ರ ಹಸಿ ಸುಳ್ಳು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಚಿತ್ರಕಾರ ಫ್ರಾನ್ಸಿಸ್ ಬರೋ ಅದನ್ನು ಬರೆದಾಗ ಅದರಲ್ಲಿರುವ ನಾಯಿ ನಿಪ್ಪರ್ ಸತ್ತು ಮೂರು ವರ್ಷವಾಗಿತ್ತು. ಮೊದಲು ನಾಯಿಯ ಮುಂದಿದ್ದದ್ದು ಮೇಣದ ಉರುಳೆಯ ಫೋನೋಗ್ರಾಫ್. ಅದರಲ್ಲಿ ಮನೆಯಲ್ಲೇ ಕೂತು ದನಿ ತುಂಬಬಹುದಿತ್ತು. ಸತ್ತ ಯಜಮಾನನ ದನಿ ಕೇಳಿ ನಾಯಿ ಬೆರಗಾಯಿತೆಂದರೆ ನಂಬಬಹುದಿತ್ತು. 1899ರಲ್ಲಿ ಗ್ರಾಮಫೋನ್ ಕಂಪನಿ ನೂರು ಪೌಂಡಿಗೆ ಚಿತ್ರವನ್ನೂ ಹಕ್ಕನ್ನೂ ಕೊಂಡಿತು, ಯಂತ್ರವನ್ನು ಅಳಿಸಿ ತನ್ನದನ್ನು ಬರೆಸಿತು. ಎಡವಟ್ಟಾದದ್ದು ಇಲ್ಲೇ. ಗ್ರಾಮಫೋನ್ ಹಾಡೀತೇ ಹೊರತು ಮನೆಯವರ ಮಾತನ್ನು ಹಿಡಿದಿಡಲಾರದು. ಪ್ಲೇಟಿನಲ್ಲಿರುವುದು ಕಾರ್ಖಾನೆಯಿಂದ ಬಂದ ಯಾವನೋ ಹಾಡುಗಾರನ ದನಿ. ಯಂತ್ರ ಬದಲಾಯಿತು, ಯಜಮಾನ ಹೋದ; 'ಯಜಮಾನನ ದನಿ' ಎಂಬ ಶೀರ್ಷಿಕೆ ಮಾತ್ರ ಉಳಿಯಿತು. ಹಾಗಾದರೆ ನಾಯಿ ಕೇಳುತ್ತಿರುವುದು ಏನನ್ನು?

ನಾಯಿ ಕೂತಿರುವುದು ಶವಪೆಟ್ಟಿಗೆಯ ಮೇಲೆ, ಅಡಿಯಲ್ಲಿ ಕಾಣುವ ಹೊಳಪು ಅದರದ್ದೇ ಎಂದು ಗದ್ಗದರಾಗುವ ವ್ಯಾಖ್ಯಾನಕಾರರಿದ್ದಾರೆ. ಮೆರುಗೆಣ್ಣೆ ಹಚ್ಚಿದ ಮೇಜನ್ನೇ ನೋಡದವರ ಪಾಂಡಿತ್ಯ ಇದು! ಇವರಿಗೆ ನಾಯಿ ಬೇಡ, ಅದರ ಕಣ್ಣೀರು ಸಾಕು. ಪ್ರಾಣಿಯನ್ನು ನಿಷ್ಠೆಗೆ ಇಳಿಸಿಬಿಟ್ಟರೆ ಅದರ ಕಸುಬು ಕೇಳುವ ಗೋಜೇ ಇರುವುದಿಲ್ಲ. ನಿಪ್ಪರ್‌ಗೆ ಆ ಹೆಸರು ಬಂದದ್ದು ಮನೆಗೆ ಬಂದವರ ಮೀನಖಂಡ ಕಚ್ಚಲು ಹೋಗುತ್ತಿದ್ದುದರಿಂದ ಎಂಬುದನ್ನು ಇವರು ಮೆಲ್ಲಗೆ ದಾಟಿಬಿಡುತ್ತಾರೆ.

ಟೆರಿಯರ್ ಎಂಬ ಹೆಸರಿನಲ್ಲೇ ಲ್ಯಾಟಿನ್ನಿನ ನೆಲ ಇದೆ. 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ (ಜ್ಯಾಕ್) ರಸೆಲ್ ಹಾಲಿನವನೊಬ್ಬನಿಂದ ಕೊಂಡ ಟ್ರಂಪ್ ಎಂಬ ಹೆಣ್ಣುನಾಯಿಯ ಹೆಸರಿನಿಂದ ಶುರುವಾಗುವ ವಂಶ ನಮ್ಮ ಮರಿಯದು. ಬಿಲ ಹೊಕ್ಕ ನರಿಯನ್ನು ಬೊಗಳಿ ಹೊರಗೆಬ್ಬಿಸುವುದು ಅದರ ಕೆಲಸ. ಮೂವತ್ತು–ನಲವತ್ತರ ಸೈಟಿನಲ್ಲಿ ನರಿ ಎಲ್ಲಿಂದ ಬರಬೇಕು? ತುಳಸಿ ಕುಂಡ ಸಿಕ್ಕಿತು. ಆಮೇಲೆ ಸಂಪಿನ ಪಕ್ಕದ ಮಣ್ಣು. ಎರಡು ಹೊತ್ತು ಸುತ್ತಾಡಿಸಿ ಬಂದರೂ ದಣಿವಿಲ್ಲ. ಬಾಗಿಲು ತೆರೆದಿತ್ತೆಂದರೆ ಕುರುಬರಹಳ್ಳಿಯ ದಿಕ್ಕಿಗೆ ಓಟ. ಮಕ್ಕಳಿಗೆ ಅದರ ಜತೆ ಪ್ರಾಣ, ನಿಜ; ಅಜ್ಜಿಗೆ ಮಾತ್ರ ಇವತ್ತಿಗೂ ಸೀರೆಯ ಅಂಚಿನ ಚಿಂತೆ.

ಬರೋನ ಚಿತ್ರದಲ್ಲಿ ಮೆಚ್ಚಬೇಕಾದ್ದು ಒಂದೇ, ಆ ಕತ್ತಿನ ಓರೆ. ಅದನ್ನು ಅವನು ಕಣ್ಣಾರೆ ಕಂಡೇ ಬರೆದಿದ್ದಾನೆ. ಮೊನ್ನೆ ರಾತ್ರಿ ನಮ್ಮ ಗೇಟಿನಾಚೆ, ಮೋರಿ ಚಪ್ಪಡಿಯ ಸಂದಿಗೆ ಮೂತಿ ಚಾಚಿ, ನಮ್ಮ ನಾಯಿ ಥೇಟ್ ಹಾಗೆಯೇ ಕೂತಿತ್ತು. ಕೆಳಗೆ ಹೆಗ್ಗಣ ಗೀರುತ್ತಿತ್ತು. ನಾನು ಮೂರು ಸಲ ಹೆಸರು ಹಿಡಿದು ಕರೆದೆ. ಕಿವಿ ಕೂಡ ಈ ಕಡೆ ತಿರುಗಲಿಲ್ಲ.